ಹಿಡಿದ ಮೀನನ್ನು ಬಿಡೋಕೆ ದುಡ್ಡು ಕೊಡ್ತಾರಾ?

ಕೊಡ್ತಾರೆ ಸ್ವಾಮಿ. ಸಾವಿರಗಟ್ಟಲೆ ಕೊಡ್ತಾರೆ, ಕೆಲವರು ಲಕ್ಷಗಟ್ಟಲೆ ಕೊಡ್ತಾರೆ. ವಿಮಾನ ಹತ್ತಿ ಬರ್ತಾರೆ, ಸಮುದ್ರದ ದಂಡೆಯ ರೆಸಾರ್ಟಿನಲ್ಲಿ ವಾರಗಟ್ಟಲೆ ಉಳಿಯುತ್ತಾರೆ, ಬೆಳಗಿನ ಜಾವ ಎದ್ದು ದೋಣಿ ಏರುತ್ತಾರೆ, ಬಿಸಿಲಲ್ಲಿ ಸುಟ್ಟುಕೊಂಡು ಇಡೀ ದಿನ ಗಾಳ ಹಿಡಿದು ನಿಲ್ಲುತ್ತಾರೆ. ಕೊನೆಗೆ ಒಂದು ದೊಡ್ಡ ಮೀನು ಸಿಕ್ಕಿತು ಅನ್ನಿ. ಒಂದು ಫೋಟೋ ತೆಗೆಸಿಕೊಂಡು ಅದನ್ನು ಮತ್ತೆ ನೀರಿಗೆ ಬಿಟ್ಟುಬಿಡ್ತಾರೆ. ಅಡುಗೆ ಮನೆಗೆ ತರೋದಿಲ್ಲ, ಮಾರೋದಿಲ್ಲ. ಕೈಯಲ್ಲಿ ಉಳಿಯೋದು ಫೋಟೋ ಮತ್ತು ಬಿಲ್ಲು, ಇಷ್ಟೇ.

ದೇವರ ಹಿಪ್ಪರಗಿ ಕಡೆಯ ನಮ್ಮ ಜನರ ಮುಂದೆ ಈ ವಿಷಯ ತೆಗೆದರೆ ಮೊದಲು ನಗುತ್ತಾರೆ. "ಅಲ್ರೀ, ಹಿಡದ ಮೀನ ಬಿಟ್ಟ ಬರೂದಂದ್ರ ಏನ್ರೀ? ಸುಗ್ಗಿ ಮಾಡಿ ಜ್ವಾಳದ ರಾಶಿ ಕಣದಾಗ ಬಿಟ್ಟ ಬಂದಂಗಾತು!" ಅನ್ನುತ್ತಾರೆ. ಸರಿಯಾದ ಮಾತೇ. ಹೊಟ್ಟೆಗಾಗಿ ನೀರಿಗೆ ಇಳಿಯುವವನಿಗೆ ಇದು ಹುಚ್ಚಾಟದ ಹಾಗೆ ಕಾಣಬೇಕಾದ್ದೇ. ಆದರೆ ಅದೇ ಜನ ಎರಡನೇ ಪ್ರಶ್ನೆಯನ್ನೂ ಕೇಳುತ್ತಾರೆ. "ಹೌದ್ರೀ, ಅಷ್ಟ ರೊಕ್ಕ ಬರ್ತದ ಅಂದ್ರ ನಮ್ಮ ಆಲಮಟ್ಟಿ ಹಿನ್ನೀರಿನಾಗೂ ಒಂದ ಮಾಡಬಹುದಲ್ಲ?" ಈ ಎರಡನೇ ಪ್ರಶ್ನೆಗೆ ನಗೋದಕ್ಕೆ ಬರೋದಿಲ್ಲ. ಅದಕ್ಕೆ ಉತ್ತರ ಕೊಡಬೇಕು. ಉತ್ತರ ಇರೋದು ಕಾವೇರಿಯಲ್ಲಿ, ಅದರ ಒಂದು ಎಳೆ ನಮ್ಮ ಭೀಮೆಯಲ್ಲೇ ಇದೆ.

ಮೊದಲು ಈ ವ್ಯವಹಾರ ನಡೆಯೋದು ಹೇಗೆ ಅಂತ ನೋಡೋಣ.

ಮೀನುಗಾರಿಕೆ ಅಂದ್ರೆ ನಮಗೆ ಗೊತ್ತಿರೋದು ಬಲೆ. ಬಲೆಗೆ ಬಿದ್ದ ಮೀನು ಮಾರುಕಟ್ಟೆಗೆ ಹೋಗುತ್ತದೆ, ಕಿಲೋಗೆ ಇಷ್ಟು ಅಂತ ಮಾರಾಟವಾಗುತ್ತದೆ. ಒಂದು ಮೀನು, ಒಂದು ಸಲ, ಒಂದು ಬೆಲೆ. ಲೆಕ್ಕ ಅಲ್ಲಿಗೆ ಮುಗಿಯಿತು. ಮೋಜಿನ ಗಾಳದ ಲೆಕ್ಕವೇ ಬೇರೆ. ಅಲ್ಲಿ ಮಾರಾಟವಾಗೋದು ಮೀನಿನ ಮಾಂಸವಲ್ಲ, ಮೀನಿನ ಜೊತೆ ನಡೆಯುವ ಅರ್ಧ ತಾಸಿನ ಜಗ್ಗಾಟ. ಅದನ್ನು ಜೀವಂತ ಬಿಟ್ಟರೆ ಮುಂದಿನ ವರ್ಷ ಇನ್ನೊಬ್ಬನಿಗೆ ಅದೇ ಮೀನು ಸಿಗಬಹುದು. ಅವನೂ ರೂಮು ಬಾಡಿಗೆ ಕೊಡುತ್ತಾನೆ, ದೋಣಿಯವನಿಗೆ ಕೊಡುತ್ತಾನೆ, ಊಟಕ್ಕೆ ಕೊಡುತ್ತಾನೆ. ಸತ್ತ ಮೀನಿಗೆ ಒಂದೇ ಬೆಲೆ, ಬದುಕಿದ ಮೀನಿಗೆ ಬಡ್ಡಿ ಇದೆ. ಇದನ್ನು ಇಂಗ್ಲಿಷಿನಲ್ಲಿ ಕ್ಯಾಚ್ ಅಂಡ್ ರಿಲೀಸ್ ಅಂತಾರೆ. ಹಿಡಿ, ಬಿಡು.

ಮಧ್ಯ ಅಮೆರಿಕದಲ್ಲಿ ಬೆಲೀಜ್ ಅಂತ ಒಂದು ಪುಟ್ಟ ದೇಶ ಇದೆ. ಬಿಸಿಲು, ತೆಂಗು, ಹವಳದ ದಿಬ್ಬಗಳ ಕರಾವಳಿ. ಅಲ್ಲಿಯ ಆಳವಿಲ್ಲದ ಉಪ್ಪು ನೀರಿನಲ್ಲಿ ಬೋನ್‌ಫಿಶ್, ಪರ್ಮಿಟ್, ಟಾರ್ಪನ್ ಎಂಬ ಮೂರು ಮೀನುಗಳಿವೆ. ಈ ಮೂರಕ್ಕೆ ಗಾಳ ಹಾಕಲಿಕ್ಕೇ ಪ್ರವಾಸಿಗಳು ಹೋಗುತ್ತಾರೆ. 2009ರಲ್ಲಿ ಆ ದೇಶದ ಸರ್ಕಾರ ಕಾನೂನು ಮಾಡಿತು: ಈ ಮೂರು ಮೀನುಗಳನ್ನು ಹಿಡಿದರೆ ಬಿಡಲೇಬೇಕು. ಇದನ್ನು ಬರೀ ಮೀನಿನ ಮೇಲಿನ ದಯೆ ಅಂತ ತಿಳಿಯಬೇಡಿ, ಇದರಲ್ಲಿ ಲೆಕ್ಕಾಚಾರವೂ ಇದೆ. ನಮ್ಮ ಅಂಡಮಾನಿಗೂ ಜೈಂಟ್ ಟ್ರೆವಲಿ ಎಂಬ ಬಲಿಷ್ಠ ಸಮುದ್ರ ಮೀನಿಗಾಗಿ ವಿದೇಶಿಯರು ಬರುತ್ತಾರೆ.

ಹಾಗಾದರೆ ಕರ್ನಾಟಕ? ನಮಗೂ 320 ಕಿಲೋಮೀಟರ್ ಕರಾವಳಿ ಇದೆ. ಮಲ್ಪೆ, ಮುರ್ಡೇಶ್ವರ, ಕಾರವಾರ ಎಲ್ಲ ಇವೆ. ಆದರೆ ಗಾಳದ ರಜೆಯ ವಿಷಯದಲ್ಲಿ ಕರ್ನಾಟಕದ ಹೆಸರು ಜಗತ್ತಿಗೆ ಗೊತ್ತಾಗಿದ್ದು ಸಮುದ್ರದಿಂದ ಅಲ್ಲ. ಹೊಳೆಯಿಂದ. ಶಿವನಸಮುದ್ರದ ಜಲಪಾತ ಇಳಿದು ಮೇಕೆದಾಟಿನ ಕಡೆಗೆ ಕಾಡಿನ ನಡುವೆ ಹರಿಯುವ ಕಾವೇರಿಯಿಂದ. ಆ ಹೊಳೆಯ ಮಹಶೀರ್ ಎಂಬ ಮೀನಿನಿಂದ.

ಮಹಶೀರ್ ಅಂದ್ರೆ ಗೆಂಡೆ ಮೀನಿನ ಜಾತಿಯ ದೈತ್ಯ. ಅಂಗೈ ಅಗಲದ ಹುರುಪೆ, ದಪ್ಪ ತುಟಿ, ಬಂಡೆಗಳ ನಡುವಿನ ರಭಸದ ನೀರೇ ಅದರ ಮನೆ. ನಮ್ಮ ಮಲೆನಾಡು, ಕರಾವಳಿಯ ಜನರಿಗೆ ಮಹಶೀರ್ ಜಾತಿಯ ಮೀನು ಹೊಸದಲ್ಲ. ಶೃಂಗೇರಿಯ ತುಂಗೆಯಲ್ಲಿ, ಬೆಳ್ತಂಗಡಿ ತಾಲೂಕಿನ ಶಿಶಿಲದ ಕಪಿಲೆಯಲ್ಲಿ ಅದನ್ನು ದೇವರ ಮೀನು ಅಂತ ಕಾಪಾಡಿಕೊಂಡು ಬಂದಿದ್ದಾರೆ. ಅಕ್ಕಿ, ಮಂಡಕ್ಕಿ ಹಾಕಿದರೆ ಕಾಲಬುಡಕ್ಕೆ ಬರುತ್ತವೆ. ಶಿಶಿಲದಲ್ಲಿ 1996ರಲ್ಲಿ ಯಾರೋ ದುಷ್ಟರು ಹೊಳೆಗೆ ವಿಷ ಹಾಕಿದಾಗ ಸಾವಿರಾರು ಮೀನು ಸತ್ತವು. ಊರಿನವರು ಆ ಮೀನುಗಳಿಗೊಂದು ಸ್ಮಾರಕ ಕಟ್ಟಿದರು. ಸತ್ತ ಮೀನಿಗೆ ಸ್ಮಾರಕ ಕಟ್ಟಿದ ಊರು ಇನ್ನೆಲ್ಲಿ ಇದೆ ಹೇಳಿ! ಅಲ್ಲಿ ಮೀನನ್ನು ಕಾಯ್ದದ್ದು ಭಕ್ತಿ. ಕಾವೇರಿಯ ಕಾಡಿನಲ್ಲಿ ಅದನ್ನು ಕಾಯಲು ಬಂದದ್ದು ದುಡ್ಡು.

ಕಥೆ ಬ್ರಿಟಿಷರ ಕಾಲದಿಂದ ಶುರುವಾಗುತ್ತದೆ. ಎಚ್.ಎಸ್. ಥಾಮಸ್ ಎಂಬ ಮದ್ರಾಸ್ ಸರ್ಕಾರದ ಅಧಿಕಾರಿ ದಕ್ಷಿಣ ಕನ್ನಡದಲ್ಲಿ ಕೆಲಸ ಮಾಡಿದವರು. ಭಾರತದಲ್ಲಿ ಗಾಳ ಹಾಕುವುದರ ಬಗ್ಗೆಯೇ ಅವರು 1873ರಲ್ಲಿ ಒಂದು ಪುಸ್ತಕ ತಂದರು. ಸಾಹೇಬರಿಗೆ ಮಹಶೀರ್ ಹುಚ್ಚು ಹಿಡಿಸಿದ ಪುಸ್ತಕ ಅದು. ಮುಂದೆ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಕಬಿನಿ ನದಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಮಹಾರಾಜರು ಬೇಟೆಯಾಡಿದ ಹುಲಿ, ಚಿರತೆಗಳ ಚರ್ಮ ಹದಮಾಡಿ, ಒಳಗೆ ತುಂಬಿ ನಿಲ್ಲಿಸಿಕೊಡುತ್ತಿದ್ದ ಪ್ರಸಿದ್ಧ ಮನೆತನ ಅದು. 120 ಪೌಂಡ್ ಅಂದ್ರೆ 54 ಕೆ.ಜಿ.ಗೂ ಮೇಲೆ. ಒಂದು ಕ್ವಿಂಟಲ್‌ಗಿಂತ ಸ್ವಲ್ಪ ಹೆಚ್ಚು ತೂಗಬೇಕಾದರೆ ಅಂಥವು ಎರಡೇ ಸಾಕು. ಗಾಳದವರ ಲೋಕದಲ್ಲಿ ಆ ದಾಖಲೆಯ ಮಾತು ಇವತ್ತಿಗೂ ನಡೆಯುತ್ತದೆ.

ಸ್ವಾತಂತ್ರ್ಯ ಬಂತು, ಸಾಹೇಬರು ಹೋದರು, ಗಾಳದ ಮಾತೂ ತಣ್ಣಗಾಯಿತು. ಮಹಶೀರ್ ಕಥೆ ಮುಗಿದೇ ಹೋಯಿತು ಅಂತ ಹೊರಗಿನವರು ತಿಳಿದಿದ್ದರು. 1978ರಲ್ಲಿ ಮೂವರು ಇಂಗ್ಲಿಷ್ ಯುವಕರು ಭಾರತದ ಹೊಳೆಗಳನ್ನು ಸುತ್ತುತ್ತ ಕಾವೇರಿಗೆ ಬಂದರು. ಇಲ್ಲಿ ದೊಡ್ಡ ಮೀನು ಇನ್ನೂ ಇದೆ ಅಂತ ಗಾಳದ ಸಮೇತ ತೋರಿಸಿದರು. ಸುದ್ದಿ ಹಬ್ಬಿತು. ಅಷ್ಟರಲ್ಲಿ ಬೆಂಗಳೂರಿನ ಕೆಲವು ಆಸಕ್ತರು 1972ರಲ್ಲಿ ಕಟ್ಟಿದ್ದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಎಂಬ ಸಂಸ್ಥೆ ಹೊಳೆಯ ಒಂದಷ್ಟು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತ್ತು. 1980ರಲ್ಲಿ ಶುರುವಾದ ನಮ್ಮ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಗಾಳದ ಶಿಬಿರಗಳನ್ನು ನಡೆಸಿತು. ಹೊಳೆ ದಂಡೆಯ ಟೆಂಟು, ಸಂಜೆ ಬೆಂಕಿ, ಬೆಳಿಗ್ಗೆ ತೆಪ್ಪ. ಲಂಡನ್ನಿನವನು ಬಂದು ಸಂಗಮದ ಹತ್ತಿರದ ಕಾಡಿನಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಖುಷಿಯಾಗಿ ಹೋದ.

ಈಗ ಒಂದು ಸಣ್ಣ ಸಂಗತಿ ಕೇಳಿ. ಆ ಲಂಡನ್ನಿನವನ ಗಾಳದ ತುದಿಗೆ ಏನು ಸಿಗಿಸುತ್ತಿದ್ದರು ಗೊತ್ತಾ? ರಾಗಿ ಮುದ್ದೆ! ವಿದೇಶದಿಂದ ತಂದ ದುಬಾರಿ ರೀಲು, ದುಬಾರಿ ಕೋಲು, ತುದಿಯಲ್ಲಿ ನಿಂಬೆಹಣ್ಣಿನ ಗಾತ್ರದ ರಾಗಿ ಉಂಡೆ. ಆ ಉಂಡೆಯನ್ನು ಬೇಯಿಸಿ, ಗಟ್ಟಿಯಾಗಿ ನಾದಿ, ಯಾವ ಬಂಡೆಯ ಯಾವ ಮಗ್ಗುಲಿಗೆ ಎಸೆಯಬೇಕು ಅಂತ ಹೇಳುತ್ತಿದ್ದವರು ಸ್ಥಳೀಯರು. ಅವರಲ್ಲಿ ಕೆಲವರು ಮೊದಲು ಅದೇ ಹೊಳೆಯಲ್ಲಿ ಕದ್ದು ಮೀನು ಹಿಡಿಯುತ್ತಿದ್ದವರು. ಹೊಳೆಯ ಮೂಲೆ ಮೂಲೆ ಗೊತ್ತಿದ್ದವರನ್ನೇ ಕರೆದು ಸಂಬಳ ಕೊಟ್ಟು ಮಾರ್ಗದರ್ಶಿ, ಕಾವಲುಗಾರ ಮಾಡಿದರು. ಕಳ್ಳನ ಕೈಗೆ ಬೀಗದ ಕೈ ಕೊಟ್ಟರು ಅನ್ನಬೇಡಿ. ಬೀಗ ಮುರಿಯೋದಕ್ಕಿಂತ ಕಾಯೋದರಲ್ಲಿ ಹೆಚ್ಚು ದುಡ್ಡು ಸಿಗುವ ಹಾಗೆ ಮಾಡಿದರು.

ಆ ಹೊಳೆಗೆ ಕಾವಲು ಯಾಕೆ ಬೇಕಿತ್ತು? ಡೈನಮೈಟ್. ಸಿಡಿಮದ್ದನ್ನು ನೀರಿಗೆ ಎಸೆದರೆ ಮಡುವಿನಲ್ಲಿರುವ ಮರಿ, ತಾಯಿ, ಮೊಟ್ಟೆ ಎಲ್ಲವೂ ಒಂದೇ ಏಟಿಗೆ ಸಾಯುತ್ತವೆ. ತೇಲಿದ್ದನ್ನು ಆರಿಸಿಕೊಳ್ಳುತ್ತಾರೆ, ಮುಳುಗಿದ್ದು ಕೊಳೆಯುತ್ತದೆ. ಮಹಶೀರ್ ದೊಡ್ಡದಾಗಲು ಹತ್ತಾರು ವರ್ಷ ಬೇಕು. ಆ ಹತ್ತಾರು ವರ್ಷ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಗಾಳದ ಶಿಬಿರ ಇದ್ದ ಕಡೆ ಹಗಲೂ ರಾತ್ರಿ ಜನ ಇರುತ್ತಿದ್ದರು. ಸದ್ದು ಕೇಳಿದರೆ ಓಡಿ ಬರುತ್ತಿದ್ದರು. ಸಿಡಿಮದ್ದಿನವನಿಗೆ ಅದೇ ಭಯ.

ಹಾಗಂತ ಗಾಳದಿಂದ ಮೀನಿಗೆ ನೋವೇ ಇಲ್ಲ ಅನ್ನೋಕಾಗಲ್ಲ. ಹೆಚ್ಚು ಹೊತ್ತು ಜಗ್ಗಾಡಿದ ಮೀನು ಓಡಿ ಓಡಿ ಸುಸ್ತಾದ ಎತ್ತಿನ ಹಾಗೆ. ಮೈಯಲ್ಲಿ ಆಮ್ಲ ತುಂಬಿರುತ್ತದೆ, ಉಸಿರು ಸಾಲದಾಗಿರುತ್ತದೆ. ನೀರಿನಿಂದ ಹೊರಗೆ ಹಿಡಿದ ಒಂದೊಂದು ಕ್ಷಣವೂ ಅದರ ಪಾಲಿಗೆ ನಾವು ನೀರಿನಲ್ಲಿ ಮುಳುಗಿದ ಕ್ಷಣ. ಬೇಸಿಗೆಯ ಬೆಚ್ಚನೆ ನೀರಿನಲ್ಲಿ ಆಮ್ಲಜನಕ ಕಡಿಮೆ ಇರೋದರಿಂದ ಅಪಾಯ ಇನ್ನೂ ಹೆಚ್ಚು. ಅದಕ್ಕೇ ಒಳ್ಳೆಯ ಗಾಳದವರು ಮುಳ್ಳು ಸಪಾಟಾದ ಕೊಕ್ಕೆ ಬಳಸುತ್ತಾರೆ, ಮೀನನ್ನು ಒಣ ಕೈಯಲ್ಲಿ ಮುಟ್ಟುವುದಿಲ್ಲ, ನೀರಿನಲ್ಲೇ ಇಟ್ಟು ಕೊಕ್ಕೆ ಬಿಡಿಸುತ್ತಾರೆ, ಅದು ತಾನಾಗಿಯೇ ಬಾಲ ಬೀಸಿ ಹೋಗುವವರೆಗೆ ಹರಿವಿಗೆ ಮುಖಮಾಡಿ ಹಿಡಿದು ನಿಲ್ಲುತ್ತಾರೆ. ಒಂದು ಮೀನನ್ನು ಹತ್ತು ಫೋಟೋಕ್ಕಾಗಿ ಎತ್ತಿ ಹಿಡಿಯುವವನು, ಬಿಟ್ಟರೂ ಕೊಂದವನೇ.

ಇಷ್ಟೆಲ್ಲ ನಡೆಯುತ್ತಿದ್ದ ಜಾಗ 1987ರಲ್ಲೇ ಕಾವೇರಿ ವನ್ಯಜೀವಿ ಅಭಯಾರಣ್ಯವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಂದ್ರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆ. ಹಾಗಾದರೆ ಅಭಯಾರಣ್ಯದಲ್ಲಿ ಗಾಳ ಹಾಕಿ ಬಿಡುವುದು ಏನು? ಈ ಪ್ರಶ್ನೆ ಎದ್ದ ಮೇಲೆ 2012ರ ಹೊತ್ತಿಗೆ ಗಾಳದ ಶಿಬಿರಗಳ ಆಟ ಮುಗಿಯಿತು. ಶಿಬಿರಗಳು ಉಳಿದವು. ಈಗ ಅಲ್ಲಿ ತೆಪ್ಪದ ಸವಾರಿ ಇದೆ, ಪಕ್ಷಿ ನೋಡೋದಿದೆ, ಚಾರಣ ಇದೆ.

ಇಲ್ಲಿ ಎರಡು ಪಕ್ಷ. ಒಂದು ಪಕ್ಷ ಹೇಳುತ್ತದೆ: ಅಭಯಾರಣ್ಯ ಅಂದ್ರೆ ಅಭಯ. ಆನೆಗೆ ಕೊಟ್ಟ ಅಭಯ ಮೀನಿಗೆ ಯಾಕಿಲ್ಲ? ಜಿಂಕೆಯನ್ನು ಹಿಡಿದು, ಫೋಟೋ ತೆಗೆದು, ಬಿಡ್ತೀನಿ ಅಂದ್ರೆ ಒಪ್ತೀರಾ? ಇನ್ನೊಂದು ಪಕ್ಷದ ಮಾತು: ಗಾಳದವನು ಹೋದ, ಅವನ ಜೊತೆ ಕಾವಲುಗಾರನೂ ಹೋದ. ಈಗ ಸಿಡಿಮದ್ದಿನವನನ್ನು ಕೇಳುವವರು ಯಾರು? ಎರಡೂ ವಾದದಲ್ಲಿ ಹುರುಳಿದೆ. ಟಿವಿ ಚರ್ಚೆಯಾಗಿದ್ದರೆ ಇಬ್ಬರನ್ನೂ ಎದುರುಬದುರು ಕೂರಿಸಿ ಒಂದು ತಾಸು ಕೂಗಾಡಿಸಬಹುದಿತ್ತು. ಆದರೆ ಇಬ್ಬರಿಗಿಂತ ದೊಡ್ಡ ಸತ್ಯ ಹೇಳಿದ್ದು ಒಂದು ಲೆಕ್ಕದ ಪುಸ್ತಕ.

ಗಾಳಿಬೋರೆ ಶಿಬಿರದಲ್ಲಿ ಯಾರು ಎಷ್ಟು ತಾಸು ಗಾಳ ಹಾಕಿದರು, ಯಾವ ಮೀನು ಸಿಕ್ಕಿತು, ತೂಕ ಎಷ್ಟು ಅಂತ ಬರೆದಿಡುವ ಪದ್ಧತಿ ಇತ್ತು. ಗಾಳದವರಿಗೆ ಅದು ಜಂಬದ ಪುಸ್ತಕ. ವಿಜ್ಞಾನಿಗಳಾದ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ಸಂಗಡಿಗರು 1998ರಿಂದ 2012ರವರೆಗಿನ ಆ ದಾಖಲೆಯನ್ನು ಹಿಡಿದು ಕೂತರು. 23 ಸಾವಿರ ತಾಸಿಗೂ ಹೆಚ್ಚಿನ ಗಾಳ, 6 ಸಾವಿರಕ್ಕೂ ಹೆಚ್ಚು ಮಹಶೀರ್. ಸರಾಸರಿ ಸುಮಾರು ನಾಲ್ಕು ತಾಸಿಗೆ ಒಂದು ಮೀನು. ಅರ್ಧ ಕೆ.ಜಿ.ಯ ಮರಿಯಿಂದ 45 ಕೆ.ಜಿ. ದಾಟಿದ ದೈತ್ಯನವರೆಗೆ ಎಲ್ಲವೂ ಅದರಲ್ಲಿತ್ತು. ಮೇಲ್ನೋಟಕ್ಕೆ ಸಂತೋಷದ ಸುದ್ದಿ, ಯಾಕಂದ್ರೆ ವರ್ಷದಿಂದ ವರ್ಷಕ್ಕೆ ಸಿಗುವ ಮೀನಿನ ಸಂಖ್ಯೆ ಏರುತ್ತಿತ್ತು.

ಆದರೆ ಬಗೆದು ನೋಡಿದಾಗ ಎದೆ ಧಸಕ್ಕೆನ್ನುವ ವಿಷಯ ಹೊರಬಿತ್ತು. ಹೊಳೆಯಲ್ಲಿದ್ದದ್ದು ಎರಡು ಜಾತಿಯ ಮಹಶೀರ್. ಒಂದು, ತಲೆಯ ಹಿಂದೆ ಗೂನಿನ ಹಾಗೆ ಉಬ್ಬಿದ, ಕಿತ್ತಳೆ ಬಣ್ಣದ ಬಾಲದ ಮೂಲನಿವಾಸಿ. ಜಗತ್ತಿನಲ್ಲಿ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲದ ಮೀನು. ಇನ್ನೊಂದು, ನೀಲಿ ರೆಕ್ಕೆಯ ಮಹಶೀರ್. ಸಂಖ್ಯೆ ಏರಿದ್ದು ಈ ನೀಲಿ ರೆಕ್ಕೆಯದ್ದು. ಗೂನು ಬೆನ್ನಿನದ್ದು ವರ್ಷ ವರ್ಷ ಕಡಿಮೆಯಾಗುತ್ತಿತ್ತು. ಇನ್ನೊಂದು ಸೂಕ್ಷ್ಮ ನೋಡಿ. ಸಿಕ್ಕಿದ ಗೂನು ಮೀನುಗಳ ಸರಾಸರಿ ತೂಕ ಹೆಚ್ಚುತ್ತ ಹೋಗಿತ್ತು. ದೊಡ್ಡ ಮೀನು ಸಿಗೋದು ಒಳ್ಳೇದಲ್ವಾ ಅಂತ ನೀವು ಕೇಳಬಹುದು. ಒಂದು ಹಳ್ಳಿಗೆ ಹೋದಾಗ ಬರೀ ಅಜ್ಜ ಅಜ್ಜಿಯರೇ ಕಂಡರೆ, ಒಂದು ಮನೆಯಲ್ಲೂ ತೊಟ್ಟಿಲು ತೂಗದಿದ್ದರೆ ನಿಮಗೆ ಏನನ್ನಿಸುತ್ತದೆ? ಅದೇ ಇದು. ಮರಿಗಳೇ ಹುಟ್ಟಿ ಬೆಳೆಯುತ್ತಿರಲಿಲ್ಲ. ಮುದುಕರಷ್ಟೇ ಉಳಿದಿದ್ದರು.

ಈ ನೀಲಿ ರೆಕ್ಕೆಯವನು ಕಾವೇರಿಗೆ ಬಂದದ್ದು ಎಲ್ಲಿಂದ? ನಾವೇ ತಂದು ಬಿಟ್ಟದ್ದು. 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳಾದಲ್ಲಿ ಟಾಟಾದವರ ವಿದ್ಯುತ್ ಕಂಪನಿ ತನ್ನ ಕೆರೆಗಳ ಪಕ್ಕ ಮಹಶೀರ್ ಮರಿ ಮಾಡುವ ಕೇಂದ್ರ ನಡೆಸುತ್ತಿದೆ. ಉದ್ದೇಶ ಬಹಳ ಒಳ್ಳೆಯದು. ಮಹಶೀರ್ ಅಳಿಯುತ್ತಿದೆ, ಉಳಿಸೋಣ ಅಂತ. ಅಲ್ಲಿಯ ಮರಿಗಳು ದೇಶದ ಹಲವು ನದಿಗಳಿಗೆ ಹೋದವು, ಕಾವೇರಿಗೂ ಬಂದವು. ಮೀನು ಕಡಿಮೆಯಾಗಿದೆ, ತುಂಬಿಸೋಣ, ಗಾಳಕ್ಕೂ ಮೀನು ಸಿಗಲಿ. ಮಹಶೀರ್ ಮಹಶೀರೇ ಅಲ್ವಾ? ಅಲ್ಲಿಯೇ ಎಡವಿದ್ದು. ಜೋಳ ಅಂದ್ರೆ ಎಲ್ಲಾ ಜೋಳ ಒಂದೇನಾ? ನಮ್ಮ ಹಿಂಗಾರಿ ಮಾಲದಂಡಿ ಜೋಳವೂ ಗೋವಿನ ಜೋಳವೂ ಒಂದೇ ಅಂದ್ರೆ ದೇವರ ಹಿಪ್ಪರಗಿಯ ರೈತ ಒಪ್ಪುತ್ತಾನಾ?

ಈಗ ನಮ್ಮೂರಿನ ಎಳೆಗೆ ಬರೋಣ. ಈ ನೀಲಿ ರೆಕ್ಕೆಯ ಮಹಶೀರ್‌ಗೆ ವಿಜ್ಞಾನದಲ್ಲಿ ಟಾರ್ ಖುದ್ರಿ ಅಂತ ಹೆಸರು. 1839ರಲ್ಲಿ ಸೈಕ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ ಅದನ್ನು ಮೊದಲು ವಿವರಿಸಿದ್ದು ಪುಣೆಯ ಹತ್ತಿರದ ಮುಳಾ ನದಿಯಿಂದ. ಮುಳಾ ಹೋಗಿ ಸೇರೋದು ಎಲ್ಲಿಗೆ? ಮುಠಾ ಜೊತೆ ಕೂಡಿ ಭೀಮೆಗೆ. ಭೀಮೆ ಎಲ್ಲಿಗೆ ಬರ್ತಾಳೆ? ಪಂಢರಪುರ ದಾಟಿ ನಮ್ಮ ಇಂಡಿ, ಸಿಂದಗಿಯ ಬಗಲಿಗೆ! ಅಂದ್ರೆ ಕಾವೇರಿಯಲ್ಲಿ ಪರದೇಸಿಯಾಗಿ ಹೋಗಿ ಮನೆಯ ಒಡೆಯನನ್ನೇ ಮೂಲೆಗೆ ತಳ್ಳಿದ ಮೀನು ನಮ್ಮ ಭೀಮೆಯ ಮೇಲ್ಭಾಗದ ಮನೆಮಗ. ಭೀಮೆಯಲ್ಲಿ ಅದು ಸ್ವಂತ ಮನೆಯಲ್ಲಿರುವ ಮೀನು, ಅಲ್ಲಿ ಅದನ್ನು ಉಳಿಸಿದರೆ ಪುಣ್ಯದ ಕೆಲಸ. ಅದೇ ಮೀನು ಕಾವೇರಿಯಲ್ಲಿ ಅತಿಕ್ರಮಣಕಾರ. ಮೀನು ತಪ್ಪು ಮಾಡಲಿಲ್ಲ. ಅದನ್ನು ಲಾರಿಯಲ್ಲಿ ಹೇರಿ ತಂದು ಬಿಟ್ಟವರು ಕೇಳಬೇಕಾದ ಒಂದು ಪ್ರಶ್ನೆ ಕೇಳಲಿಲ್ಲ, ಅಷ್ಟೇ: ಈ ಹೊಳೆಯಲ್ಲಿ ಮೊದಲೇ ಯಾರಿದ್ದಾರೆ?

ಗೂನು ಮೀನಿನ ದುರ್ದೈವ ಇನ್ನೂ ಒಂದಿದೆ. ನೂರು ವರ್ಷಕ್ಕೂ ಹೆಚ್ಚು ಕಾಲ ಸಾಹೇಬರು ಅದರ ಜೊತೆ ಫೋಟೋ ತೆಗೆಸಿಕೊಂಡರು, ಲೋಕಕ್ಕೆಲ್ಲ ಅದರ ಕೀರ್ತಿ ಹಬ್ಬಿತು, ಆದರೆ ಅದಕ್ಕೆ ಸರಿಯಾದ ಒಂದು ವೈಜ್ಞಾನಿಕ ಹೆಸರೇ ಇರಲಿಲ್ಲ. ಬೇರೆ ಮೀನುಗಳ ಹೆಸರಿನಲ್ಲಿ ಅದನ್ನು ಕರೆಯುತ್ತಿದ್ದರು. ಹೆಸರಿಲ್ಲದವನಿಗೆ ರೇಷನ್ ಕಾರ್ಡ್ ಸಿಗುತ್ತಾ? ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಬೇಕಾದರೂ ಮೊದಲು ಹೆಸರು ಬೇಕು. ಕೊನೆಗೆ 2018ರಲ್ಲಿ ಪಿಂಡರ್, ರಾಘವನ್ ಮತ್ತು ಸಂಗಡಿಗರು ಉತ್ತರ ಹುಡುಕಿದರು. ಕಾವೇರಿಯ ಉಪನದಿ ಅಮರಾವತಿಗೆ ಸೇರುವ, ಕೇರಳದ ಪಾಂಬಾರ್ ಎಂಬ ಹೊಳೆಯಲ್ಲಿ ಸಿಕ್ಕಿದ ಸಣ್ಣ ಮೀನೊಂದಕ್ಕೆ ಅಲ್ಲಿಯ ವಿಜ್ಞಾನಿಗಳು ಟಾರ್ ರೆಮಾದೇವಿ ಅಂತ ಮೊದಲೇ ಹೆಸರಿಟ್ಟಿದ್ದರು. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಕ್ಕೆ ಇಟ್ಟ ಹೆಸರು ಅದು. ಕಾವೇರಿಯ ದೈತ್ಯನೂ ಆ ಸಣ್ಣ ಮೀನೂ ಒಂದೇ ಜಾತಿ ಅಂತ ಗೊತ್ತಾಯಿತು. ಅದೇ 2018ರಲ್ಲಿ ಐಯುಸಿಎನ್ ಅದನ್ನು ಕೆಂಪು ಪಟ್ಟಿಗೆ ಸೇರಿಸಿತು. ವರ್ಗ: ತೀವ್ರ ಅಪಾಯದಲ್ಲಿದೆ. ಅಂದ್ರೆ ಅಳಿವಿಗೆ ಹಿಂದಿನ ಮೆಟ್ಟಿಲು. ಹೆಸರು ಸಿಕ್ಕಿದ್ದೂ ಸಾವಿನ ಅಂಚಿಗೆ ಬಂದಿದ್ದು ಗೊತ್ತಾಗಿದ್ದೂ ಒಂದೇ ವರ್ಷ.

ಪರದೇಸಿ ಮೀನು ಒಂದೇ ಕಾರಣ ಅಂತ ನಾನು ಹೇಳೋದಿಲ್ಲ. ಮಹಶೀರ್ ಮಳೆಗಾಲದಲ್ಲಿ ಹೊಸ ನೀರು ಬಂದಾಗ ಹೊಳೆಯ ಮೇಲಕ್ಕೆ ಈಜಿ, ಜಲ್ಲಿ ಕಲ್ಲಿನ ಮೇಲೆ ಮೊಟ್ಟೆಯಿಡುವ ಮೀನು. ಮೇಲೆ ಕೃಷ್ಣರಾಜಸಾಗರ, ಕೆಳಗೆ 1934ರ ಮೆಟ್ಟೂರು. ನಡುವೆ ಒಡ್ಡುಗಳು, ವಿದ್ಯುತ್ ಘಟಕಗಳು. ದಾರಿ ಮುಚ್ಚಿದೆ, ಮರಳು ಹೋಗಿದೆ, ಸಿಡಿಮದ್ದು ಇದೆ. ಎಲ್ಲ ಸೇರಿ ಕುತ್ತಿಗೆ ಹಿಸುಕಿವೆ. ಆದರೆ ಮರಿ ಬಿಟ್ಟದ್ದು ಮಾತ್ರ ಮೀನು ಉಳಿಸುವ ಹೆಸರಿನಲ್ಲಿ ಆದ ಕೆಲಸ. ಅದಕ್ಕೇ ಅದು ಹೆಚ್ಚು ನೋವು ಕೊಡುತ್ತದೆ.

ಇದರಲ್ಲಿ ಗಾಳದವರ ಪಾಲೇನು? ಪ್ರಾಮಾಣಿಕವಾಗಿ ಹೇಳಬೇಕಂದ್ರೆ ಎರಡೂ ಕಡೆ ಬರೆಯಬೇಕು. ಹೆಚ್ಚು ಮೀನು ಸಿಗಲಿ ಎಂಬ ಆಸೆಗೆ ಮರಿ ತಂದು ಬಿಟ್ಟದ್ದು ಖರ್ಚಿನ ಕಡೆ. ಕಾವಲು ಕೊಟ್ಟದ್ದು, ಲೆಕ್ಕ ಬರೆದಿಟ್ಟದ್ದು ಜಮೆಯ ಕಡೆ. ಆ ಲೆಕ್ಕದ ಪುಸ್ತಕ ಇಲ್ಲದೇ ಹೋಗಿದ್ದರೆ ಗೂನು ಮೀನು ಕರಗುತ್ತಿರುವುದೇ ನಮಗೆ ತಿಳಿಯುತ್ತಿರಲಿಲ್ಲ. ನೀರಿನ ಮೇಲೆ ನಿಂತು ನೋಡಿದರೆ ಹೊಳೆ ಮೀನಿನಿಂದ ತುಂಬಿದ ಹಾಗೆಯೇ ಕಾಣುತ್ತಿತ್ತು.

ಈಗ ಆಲಮಟ್ಟಿಯ ಪ್ರಶ್ನೆ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲು ಇಟ್ಟ ಅಣೆಕಟ್ಟು, 519.6 ಮೀಟರ್ ಮಟ್ಟದಲ್ಲಿ 123 ಟಿಎಂಸಿ ನೀರು. ಮಳೆಗಾಲ ಮುಗಿದಾಗ ಹಿನ್ನೀರು ನೋಡಿದರೆ ಸಮುದ್ರವೇ. ಘಟ್ಟ ಇಳಿದು ಸಮುದ್ರ ನೋಡಲಾಗದ ನಮ್ಮ ಮಕ್ಕಳಿಗೆ ಅದೇ ಸಮುದ್ರ. ಅಲ್ಲಿ ಗಾಳದ ರೆಸಾರ್ಟ್ ಬರಬಹುದಾ? ಬರಲಿ, ನನ್ನ ವಿರೋಧ ಇಲ್ಲ. ಆದರೆ ಕಾವೇರಿ ಕಲಿಸಿದ ಮೂರು ಪ್ರಶ್ನೆಗೆ ಉತ್ತರ ಕೊಟ್ಟು ಬರಲಿ.

ಒಂದನೇ ಪ್ರಶ್ನೆ: ನೀರಿನಲ್ಲಿ ಯಾರಿದ್ದಾರೆ? ಇವತ್ತು ನಮ್ಮ ಜಲಾಶಯ, ಕೆರೆಗಳಿಗೆ ಬಿಡೋದು ಹೆಚ್ಚಾಗಿ ಕಾಟ್ಲಾ, ರೋಹು. ಅವು ಗಂಗಾ ಬಯಲಿನವು. ಜನರ ಹೊಟ್ಟೆ ತುಂಬಿಸುತ್ತವೆ, ಮೀನುಗಾರನ ಕೈಗೆ ಕಾಸು ತರುತ್ತವೆ, ಅದನ್ನು ಬೇಡ ಅನ್ನೋಕಾಗಲ್ಲ. ಆದರೆ ಕೃಷ್ಣೆ, ಭೀಮೆಗಳ ಸ್ವಂತ ಮೀನು ಯಾವುವು, ಅವು ಎಲ್ಲಿ ಮೊಟ್ಟೆಯಿಡುತ್ತವೆ ಅನ್ನೋದನ್ನು ಮೊದಲು ಬರೆದಿಡಬೇಕು. ಪ್ರವಾಸಿಗೆ ಖುಷಿಯಾಗಲಿ ಅಂತ ಇನ್ನೊಂದು ಹೊಳೆಯ ದೈತ್ಯನನ್ನು ತಂದು ಬಿಟ್ಟರೆ ಅದು ಕಾವೇರಿಯ ಕಥೆಯ ಎರಡನೇ ಭಾಗವಾಗುತ್ತದೆ.

ಎರಡನೇ ಪ್ರಶ್ನೆ: ದುಡ್ಡು ಯಾರ ಕೈಗೆ? ಹಿನ್ನೀರಿಗೆ ಹೊಲ, ಮನೆ ಕೊಟ್ಟವರು ನಮ್ಮ ಜನ. ಅದೇ ನೀರಿನಲ್ಲಿ ಬಲೆ ಹಾಕಿ ಬದುಕುವವರೂ ನಮ್ಮ ಜನ. ರೆಸಾರ್ಟ್ ಬಂದು, ಬೇಲಿ ಬಂದು, ಇಲ್ಲಿ ಬಲೆ ಹಾಕಬೇಡ ಅಂತ ಕಾವಲುಗಾರ ಸೀಟಿ ಊದಿದರೆ ಅದು ಎರಡನೇ ಸಲ ಮುಳುಗಿಸಿದ ಹಾಗೆ. ಕಾವೇರಿಯಲ್ಲಿ ಕೆಲಸ ಮಾಡಿದ್ದು ಯಾವುದು? ಹೊಳೆ ಗೊತ್ತಿದ್ದ ಸ್ಥಳೀಯನಿಗೇ ಸಂಬಳ ಕೊಟ್ಟದ್ದು. ದೋಣಿ ಅವನದು, ದಾರಿ ಅವನದು, ಅಂದ ಮೇಲೆ ಪಾಲೂ ಅವನದಾಗಬೇಕು.

ಮೂರನೇ ಪ್ರಶ್ನೆ: ಲೆಕ್ಕ ಯಾರು ಬರೆಯುತ್ತಾರೆ? ಯಾವ ಮೀನು, ಎಷ್ಟು ತೂಕ, ಬಿಟ್ಟಾಗ ಈಜಿತೋ ತೇಲಿತೋ. ಪ್ರತಿದಿನ ಬರೆಯಬೇಕು, ವರ್ಷಕ್ಕೊಮ್ಮೆ ಊರಿನ ಮುಂದೆ ಓದಬೇಕು. ಸಂಖ್ಯೆ ಒಂದೇ ನೋಡಿದರೆ ಮೋಸ ಹೋಗುತ್ತೇವೆ. ಜಾತಿ ನೋಡಬೇಕು, ಮರಿ ಇವೆಯೋ ಇಲ್ಲವೋ ನೋಡಬೇಕು.

ಭೀಮೆಯ ಬಗ್ಗೆಯಂತೂ ಇನ್ನೊಂದು ಮಾತು ಸೇರಿಸಲೇಬೇಕು. ಮೇಲೆ ಉಜನಿ ಅಣೆಕಟ್ಟು, ಬೇಸಿಗೆಯಲ್ಲಿ ಒಣಗಿದ ಪಾತ್ರ, ರಾತ್ರಿಯೆಲ್ಲ ಮರಳು ತುಂಬುವ ಟಿಪ್ಪರುಗಳು. ಜಲ್ಲಿ ಮತ್ತು ಮರಳೇ ಇಲ್ಲದ ಹೊಳೆಯಲ್ಲಿ ಯಾವ ಮೀನು ಮೊಟ್ಟೆಯಿಡಬೇಕು? ತನ್ನ ಮೀನನ್ನು ಊರೂರಿಗೆ ಹಂಚಿದ ನದಿ ತಾನೇ ಬರಿದಾಗುತ್ತಿದೆ. ಗಾಳದ ಮಾತು ಆಮೇಲೆ. ಗಾಳ ಹಾಕಬೇಕಂದ್ರೆ ಮೊದಲು ಹೊಳೆಯಲ್ಲಿ ನೀರು ಬೇಕಲ್ಲ?

ಹನ್ನೆರಡನೇ ಶತಮಾನದಲ್ಲಿ ದೇವರ ಹಿಪ್ಪರಗಿಯಲ್ಲಿ ಹುಟ್ಟಿ ಕಲ್ಯಾಣಕ್ಕೆ ಹೋದ ಮಡಿವಾಳ ಮಾಚಿದೇವರ ಕಾಯಕ ನಡೆದದ್ದು ನೀರಿನ ದಂಡೆಯಲ್ಲಿ. ಕಾಯಕ ಅಂದ್ರೆ ದುಡಿಮೆಯೊಂದೇ ಅಲ್ಲ, ದುಡಿದದ್ದಕ್ಕೆ ಲೆಕ್ಕ ಕೊಡುವ ನಿಷ್ಠೆಯೂ ಹೌದು. ನೀರಿನಿಂದ ದುಡ್ಡು ಮಾಡೋದು ತಪ್ಪಲ್ಲ. ನೀರಿನಲ್ಲಿರುವವರನ್ನು ಎಣಿಸದೆ ದುಡ್ಡು ಮಾಡೋದು ತಪ್ಪು.

ಮುಂದಿನ ರಜೆಗೆ ನೀವು ಕಾರವಾರಕ್ಕೋ ಅಂಡಮಾನಿಗೋ ಹೋಗಿ ಗಾಳದ ದೋಣಿ ಹತ್ತಿದರೆ ಮೂರು ವಿಷಯ ಕೇಳಿ: ಮುಳ್ಳಿಲ್ಲದ ಕೊಕ್ಕೆ ಇದೆಯಾ, ದೋಣಿಯವನು ಸ್ಥಳೀಯನಾ, ಹಿಡಿದ ಮೀನಿನ ಲೆಕ್ಕ ಬರೀತಾರಾ? ಇಲ್ಲ ಅಂದ್ರೆ ಇಳಿದು ಬನ್ನಿ, ದಂಡೆಯಲ್ಲಿ ಕೂತು ಸಮುದ್ರ ನೋಡಿ. ಅದಕ್ಕೆ ದುಡ್ಡೂ ಬೇಕಿಲ್ಲ, ಯಾರ ಬಾಯಿಗೂ ಕೊಕ್ಕೆ ಬೀಳೋದಿಲ್ಲ.